ವರ್ಕ್‌ಸ್ಟೇಷನ್ ಕೆಟ್ಟ ದಿನ

2022ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಕಂಪ್ಯೂಟರ್ ಕೈಕೊಟ್ಟಿತು. ಲಿನಕ್ಸ್ ಕರ್ನಲ್‌ನ 6.1ನೇ ಆವೃತ್ತಿಗೆ ಎಲ್ಲೆಲ್ಲಿಂದಲೋ ಬಂದ ಬದಲಾವಣೆಗಳನ್ನು ಅವರು ಸೇರಿಸಿಕೊಳ್ಳುತ್ತಿದ್ದ ಬಿರುಸಿನ ದಿನಗಳವು. ಪ್ರೋಗ್ರಾಂಗಳು ಕಾರಣವಿಲ್ಲದೆ ಕುಸಿಯತೊಡಗಿದವು, ಆಮೇಲೆ ಕಂಪೈಲ್ ಕೂಡ ನಡುವೆ ನಿಲ್ಲತೊಡಗಿತು. ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡಿ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದ ಮೇಲೆ ಕಾರಣ ಸಿಕ್ಕಿತು: ಎರಡೂವರೆ ವರ್ಷ ತಕರಾರಿಲ್ಲದೆ ದುಡಿದಿದ್ದ ರ‍್ಯಾಮ್ ಕಡ್ಡಿಯೊಂದು ಕೆಟ್ಟಿತ್ತು. ಹೊಸದು ಬರುವವರೆಗೆ ಅವರು ಲ್ಯಾಪ್‌ಟಾಪ್‌ನಲ್ಲೇ ಕೆಲಸ ಸಾಗಿಸಿದರು. ಆ ಯಂತ್ರವನ್ನು 2020ರಲ್ಲಿ ಅವರೇ ಬಿಡಿಭಾಗ ಆರಿಸಿ ಜೋಡಿಸಿಕೊಂಡಿದ್ದರು. ಒಳಗಿದ್ದದ್ದು ಎಎಂಡಿಯ 32 ಕೋರ್‌ಗಳ ಥ್ರೆಡ್‌ರಿಪ್ಪರ್ 3970ಎಕ್ಸ್.

ಈ ಸುದ್ದಿಯನ್ನು ಬ್ರ್ಯಾಂಡೆಡ್ ಯಂತ್ರ ಕೊಳ್ಳುವವರೂ ಬಿಡಿಭಾಗ ತಂದು ಜೋಡಿಸಿಕೊಳ್ಳುವವರೂ ತಮ್ಮ ಪರವಾಗಿ ಹೇಳಬಹುದು. ಒಳ್ಳೆಯ ಕಂಪನಿಯ ವರ್ಕ್‌ಸ್ಟೇಷನ್ ಕೊಂಡಿದ್ದರೆ ತಪ್ಪನ್ನು ತಾನೇ ಹಿಡಿಯುವ ರ‍್ಯಾಮ್ ಅದರಲ್ಲಿರುತ್ತಿತ್ತು, ಒಂದು ಫೋನ್ ಮಾಡಿದ್ದರೆ ಬದಲಿ ಬರುತ್ತಿತ್ತು ಎಂದು ಒಬ್ಬರು ಹೇಳಿಯಾರು. ಸ್ವತಃ ಜೋಡಿಸಿದ್ದರಿಂದಲೇ ಯಾರಿಗೂ ಕಾಯದೆ ರೋಗ ಯಾವುದೆಂದು ತಾವೇ ಪತ್ತೆ ಮಾಡಿಕೊಂಡರು ಎಂದು ಇನ್ನೊಬ್ಬರು. ಎರಡೂ ನಿಜ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೋ ಎರಡೋ ಯಂತ್ರಗಳ ಮೇಲೆ ಹೊಟ್ಟೆಪಾಡು ನಡೆಸುವ ಸಣ್ಣ ಸ್ಟುಡಿಯೊ, ಕಚೇರಿ, ಸಂಶೋಧಕರು ಜೋಡಿಸಿಕೊಳ್ಳುವುದೇ ಮೇಲು. ಆದರೆ ಉಳಿತಾಯಕ್ಕೆಂದು ಜೋಡಿಸುವವರು ಕೊನೆಗೆ ಪಶ್ಚಾತ್ತಾಪ ಪಡುತ್ತಾರೆ. ಜೋಡಿಸುವುದೆಂದರೆ ಯಂತ್ರದ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು. ಹೊರುತ್ತೇನೆಂದು ತಿಳಿದೇ ಹೊರಬೇಕು.

ಬೆಲೆಯ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಈ ಚರ್ಚೆ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. 2019ರ ಮ್ಯಾಕ್ ಪ್ರೊ ಅಮೆರಿಕದಲ್ಲಿ 5,999 ಡಾಲರ್‌ನಿಂದ ಶುರುವಾಗುತ್ತಿತ್ತು. ಆ ಬೆಲೆಗೆ ಸಿಗುತ್ತಿದ್ದದ್ದು 8 ಕೋರ್, 32 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಅಷ್ಟೇ ಸಾಮರ್ಥ್ಯದ ಬಿಡಿಭಾಗಗಳನ್ನು ಅಂಗಡಿಯಲ್ಲಿ ಕೊಂಡರೆ ಅದರ ಅರ್ಧವೂ ಆಗುತ್ತಿರಲಿಲ್ಲ. ಗ್ರಾಫಿಕ್ ಕಾರ್ಡ್‌ನಲ್ಲಿ ಈ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಬಿಡುಗಡೆಯಾದಾಗ 1,599 ಡಾಲರ್. ಅದೇ ಕುಲದ ಚಿಪ್ ಇರುವ, ವೃತ್ತಿಪರರಿಗೆಂದು ಮಾರುವ ಆರ್‌ಟಿಎಕ್ಸ್ 6000 ಅಡಾ ಸುಮಾರು 6,800 ಡಾಲರ್ ಇತ್ತು. ಮೊದಲನೆಯದರಲ್ಲಿ 24 ಜಿಬಿ ಮೆಮೊರಿ, ಎರಡನೆಯದರಲ್ಲಿ 48.

ಈ ಹೆಚ್ಚುವರಿ ಹಣ ಸುಮ್ಮನೆ ಹೋಗುವುದಿಲ್ಲ, ಆದರೆ ಅದರಲ್ಲಿ ನಿಮಗೆ ಬೇಕಾದದ್ದೆಷ್ಟು ಎಂದು ಅಳೆಯಬೇಕು. ದೊಡ್ಡ ಎಐ ಮಾದರಿಯೊಂದು 24 ಜಿಬಿಯಲ್ಲಿ ಹಿಡಿಸುವುದಿಲ್ಲ ಎಂದಾದರೆ 48 ಜಿಬಿಗೆ ಕೊಟ್ಟ ಹಣ ಸಾರ್ಥಕ, ಅಲ್ಲಿ ವಾದಕ್ಕೆ ಎಡೆಯೇ ಇಲ್ಲ. ಸಾಫ್ಟ್‌ವೇರ್ ಕಂಪನಿಗಳ ಪ್ರಮಾಣೀಕರಣದ ಮಾತು ಬೇರೆ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶದಲ್ಲಿ ಮಾದರಿ ತೆರೆಯ ಮೇಲೆ ಒಡೆದು ಕಂಡಾಗ ದೂರು ಕೊಟ್ಟರೆ, ನಿಮ್ಮ ಕಾರ್ಡ್ ಮತ್ತು ಡ್ರೈವರ್ ತಮ್ಮ ಪಟ್ಟಿಯಲ್ಲಿವೆಯೇ ಎಂದು ಅವರು ಮೊದಲು ಕೇಳುತ್ತಾರೆ. ನೂರಾರು ಬಿಡಿಭಾಗಗಳ ಜೋಡಣೆ ಬಿಡಿಸುವ ವಿನ್ಯಾಸ ಕಚೇರಿಗೆ ಆ ಪಟ್ಟಿ ಮುಖ್ಯ. ಮನೆಗಳ ನಕ್ಷೆ ಬಿಡಿಸುವ, ಮದುವೆ ವಿಡಿಯೊ ಎಡಿಟ್ ಮಾಡುವ ಕಚೇರಿಗೆ ಅದರ ಅಗತ್ಯ ಬೀಳುವುದು ತೀರಾ ಕಡಿಮೆ. ಇನ್ನು ಕೆಲವು ವ್ಯತ್ಯಾಸಗಳನ್ನು ಎಂಜಿನಿಯರಿಂಗ್ ಹುಟ್ಟಿಸಿದ್ದಲ್ಲ, ವ್ಯಾಪಾರ ಹುಟ್ಟಿಸಿದ್ದು. ಫೋಟೊಶಾಪ್‌ನಲ್ಲಿ ಪ್ರತಿ ಬಣ್ಣಕ್ಕೂ 10 ಬಿಟ್ ಆಳ ಬೇಕೆಂದರೆ ವೃತ್ತಿಪರ ಕಾರ್ಡ್ ಕೊಳ್ಳಲೇಬೇಕು ಎಂಬ ಮಾತು ವರ್ಷಗಟ್ಟಲೆ ನಡೆಯಿತು. 2019ರಲ್ಲಿ ಎನ್‌ವಿಡಿಯಾ ಒಂದು ಡ್ರೈವರ್ ಬಿಟ್ಟದ್ದೇ, ಅದೇ ಸೌಲಭ್ಯ ಗೇಮಿಂಗ್ ಕಾರ್ಡ್‌ಗಳಲ್ಲೂ ಬಂತು. ಕಾರ್ಡ್ ಬದಲಾಗಿರಲಿಲ್ಲ.

ರ‍್ಯಾಮ್ ವಿಚಾರದಲ್ಲಿ ಮಾತ್ರ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ದುಬಾರಿ ವರ್ಕ್‌ಸ್ಟೇಷನ್ ಕೊಡುವ ಸೌಲಭ್ಯಗಳಲ್ಲಿ ನನ್ನ ದೃಷ್ಟಿಯಲ್ಲಿ ನಿಜವಾಗಿ ಬೆಲೆಯುಳ್ಳದ್ದು ಇಸಿಸಿ ಮೆಮೊರಿ. ಅದರ ಕೆಲಸ ಸರಳ. ಪ್ರತಿ 64 ಬಿಟ್ ಮಾಹಿತಿಯ ಜೊತೆ ಕೆಲವು ಹೆಚ್ಚುವರಿ ಬಿಟ್‌ಗಳನ್ನು ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ಸರಿಪಡಿಸುತ್ತದೆ, ಎರಡು ತಪ್ಪಿದರೆ ಕನಿಷ್ಠ ಎಚ್ಚರಿಸುತ್ತದೆ. ಸಾಮಾನ್ಯ ರ‍್ಯಾಮ್‌ನಲ್ಲಿ ಒಂದು ಬಿಟ್ ಮಗುಚಿದರೆ ಯಾರಿಗೂ ತಿಳಿಯುವುದಿಲ್ಲ. 2003ರ ಮೇನಲ್ಲಿ ಬೆಲ್ಜಿಯಂನ ಶಾರ್‌ಬೇಕ್‌ನಲ್ಲಿ ಎಲೆಕ್ಟ್ರಾನಿಕ್ ಮತದಾನದ ವೇಳೆ ಅಭ್ಯರ್ಥಿಯೊಬ್ಬರಿಗೆ 4,096 ಮತ ಹೆಚ್ಚು ಬಂತು. ಬರಲು ಸಾಧ್ಯವಿರುವುದಕ್ಕಿಂತ ಹೆಚ್ಚು ಮತ ಬಿದ್ದಿದ್ದರಿಂದ ತಪ್ಪು ಬಯಲಾಯಿತು. 4,096 ಎಂದರೆ ಎರಡರ ಹನ್ನೆರಡನೇ ಘಾತ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ತಾನಾಗಿ ಮಗುಚಿರಬೇಕು ಎಂಬುದಕ್ಕಿಂತ ಹೊಂದುವ ವಿವರಣೆ ಸಿಗಲಿಲ್ಲ. ಇದೆಲ್ಲ ಅಪರೂಪದ ಘಟನೆ ಎಂದುಕೊಳ್ಳುವವರಿಗೆ ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ: ವರ್ಷವೊಂದರಲ್ಲಿ ಮೂರನೇ ಒಂದು ಭಾಗದಷ್ಟು ಯಂತ್ರಗಳಲ್ಲಿ, ಶೇ 8ಕ್ಕೂ ಹೆಚ್ಚು ರ‍್ಯಾಮ್ ಕಡ್ಡಿಗಳಲ್ಲಿ ಕನಿಷ್ಠ ಒಂದಾದರೂ ಸರಿಪಡಿಸಬಹುದಾದ ತಪ್ಪು ಕಂಡಿತ್ತು.

ಹಾಡಿನ ರೆಕಾರ್ಡಿಂಗ್‌ನಲ್ಲಿ ಒಂದು ಬಿಟ್ ತಪ್ಪಿದರೆ ಕಿವಿಗೆ ಗೊತ್ತಾಗದಿರಬಹುದು. ಐದು ಅಂತಸ್ತಿನ ಕಟ್ಟಡದ ತೊಲೆಯ ಲೆಕ್ಕದಲ್ಲಿ, ರೋಗಿಗಳ ಸ್ಕ್ಯಾನ್ ಇಟ್ಟುಕೊಂಡ ಯಂತ್ರದಲ್ಲಿ, ವಾರಗಟ್ಟಲೆ ಓಡುವ ಸಂಶೋಧನೆಯ ಲೆಕ್ಕಾಚಾರದಲ್ಲಿ ನಾನು ಆ ಅಪಾಯವನ್ನು ಒಪ್ಪಲಾರೆ. ಅಂಥವರು ಜೋಡಿಸಿಕೊಂಡರೂ ಇಸಿಸಿ ಹಾಕಿಸಿಕೊಳ್ಳಲೇಬೇಕು, ಅದಕ್ಕೆ ಒಗ್ಗದ ಜೋಡಣೆಯಾದರೆ ಬ್ರ್ಯಾಂಡೆಡ್ ಯಂತ್ರಕ್ಕೇ ಹೋಗಬೇಕು. ಇಲ್ಲಿ ಅಂಗಡಿಯವರ ಒಂದು ಮಾತಿನ ಬಗ್ಗೆ ಎಚ್ಚರ ಬೇಕು. ಡಿಡಿಆರ್5 ರ‍್ಯಾಮ್‌ಗಳಲ್ಲೆಲ್ಲ ಇಸಿಸಿ ಇದ್ದೇ ಇದೆ ಎನ್ನುತ್ತಾರೆ. ಚಿಪ್‌ನೊಳಗೇ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಅವುಗಳಲ್ಲಿ ಇರುವುದು ನಿಜ. ಆದರೆ ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆದ ತಪ್ಪನ್ನು ಅದು ಕಾಯುವುದಿಲ್ಲ, ತಪ್ಪಾಯಿತೆಂದು ನಿಮಗೆ ವರದಿಯನ್ನೂ ಕೊಡುವುದಿಲ್ಲ. ಪೂರ್ಣ ಇಸಿಸಿಗೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಪ್ಪಬೇಕು. ಇಂಟೆಲ್ ಬಹುಕಾಲ ತನ್ನ ಬಹುತೇಕ ಸಾಮಾನ್ಯ ಕೋರ್ ಪ್ರೊಸೆಸರ್‌ಗಳಿಗೆ ಇದನ್ನು ಕೊಡದೆ ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆಂದು ಮಾರುವ ಕ್ಸಿಯಾನ್‌ಗೆ ಮೀಸಲಿಟ್ಟಿತ್ತು. 12ನೇ ತಲೆಮಾರಿನಿಂದ ಡಬ್ಲ್ಯು680 ಚಿಪ್‌ಸೆಟ್ ಇರುವ ಬೋರ್ಡ್‌ಗಳಲ್ಲಿ ದಾರಿ ತೆರೆಯಿತು. ಎಎಂಡಿ ರೈಜನ್‌ನಲ್ಲಿ ಇದು ಬೋರ್ಡ್ ತಯಾರಕರ ಇಚ್ಛೆಗೆ ಬಿಟ್ಟದ್ದು. ಇಷ್ಟೆಲ್ಲ ವಿಚಾರಿಸಿ ಜೋಡಿಸುವ ತಾಳ್ಮೆ ಇಲ್ಲದವರು ಬ್ರ್ಯಾಂಡೆಡ್ ಯಂತ್ರಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಯಾವ ತಪ್ಪೂ ಇಲ್ಲ.

ಹಾಗಾದರೆ ನಾನೇಕೆ ಜೋಡಿಸುವವರ ಪರ? ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಅಗ್ಗವಾದದ್ದು, ಎಲ್ಲರ ಕೈಗೆ ಬಂದದ್ದು ಅದರ ಬಿಡಿಭಾಗಗಳು ಯಾರೊಬ್ಬರ ಸ್ವತ್ತೂ ಆಗದೆ ಉಳಿದದ್ದರಿಂದ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಭಾಗಗಳಿಂದ ಕಟ್ಟಿ, ಅದರ ಸರ್ಕ್ಯೂಟ್ ನಕ್ಷೆಗಳನ್ನೂ ಪ್ರಕಟಿಸಿತು. ಮರುವರ್ಷವೇ ಕಾಂಪ್ಯಾಕ್ ಅದಕ್ಕೆ ಹೊಂದುವ ಯಂತ್ರವನ್ನು ಘೋಷಿಸಿತು. ಕೈಯಿಂದ ಜಾರಿದ ಮಾರುಕಟ್ಟೆಯನ್ನು ಮತ್ತೆ ಹಿಡಿಯಲು ಐಬಿಎಂ 1987ರಲ್ಲಿ ಪಿಎಸ್/2 ಯಂತ್ರಗಳಿಗೆ ಮೈಕ್ರೊ ಚಾನೆಲ್ ಎಂಬ ತನ್ನದೇ ಬಸ್, ಅಂದರೆ ಬಿಡಿ ಕಾರ್ಡ್‌ಗಳು ಬೋರ್ಡಿನೊಂದಿಗೆ ಮಾತಾಡುವ ದಾರಿಯನ್ನು ತಂದಿತು. ಅದನ್ನು ಬಳಸುವವರು ಐಬಿಎಂಗೆ ಶುಲ್ಕ ಕೊಡಬೇಕಿತ್ತು. ಕಾಂಪ್ಯಾಕ್ ಮತ್ತು ಇನ್ನೆಂಟು ಕಂಪನಿಗಳು ಒಟ್ಟುಗೂಡಿ 1988ರಲ್ಲಿ ಇಐಎಸ್ಎ ಎಂಬ ಬೇರೆ ಬಸ್ ಮುಂದಿಟ್ಟವು. ಮೈಕ್ರೊ ಚಾನೆಲ್ ನಿಲ್ಲಲಿಲ್ಲ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಗೊತ್ತುಪಡಿಸಿದ ಮೇಲೆ ಯಾವ ಕಂಪನಿಯ ಬೋರ್ಡ್ ಆದರೂ ಯಾವ ಕಂಪನಿಯ ಕ್ಯಾಬಿನೆಟ್‌ನಲ್ಲೂ ಕೂರುವಂತಾಯಿತು. ಮೂವತ್ತು ವರ್ಷದ ಹಿಂದಿನ ಕ್ಯಾಬಿನೆಟ್‌ನಲ್ಲಿ ಇವತ್ತಿನ ಬೋರ್ಡನ್ನು ಸ್ಕ್ರೂ ಹಾಕಿ ನಿಲ್ಲಿಸಬಹುದು. ಇಷ್ಟು ದೀರ್ಘ ಕಾಲ ಬಾಳಿದ ಒಪ್ಪಂದ ಈ ಉದ್ಯಮದಲ್ಲಿ ವಿರಳ.

ದುಬಾರಿ ವರ್ಕ್‌ಸ್ಟೇಷನ್‌ಗಳು ಈ ಒಪ್ಪಂದದಿಂದ ಮೆಲ್ಲಗೆ ಹೊರಗೆ ಹೋಗುತ್ತಿವೆ. ಅವುಗಳ ವಿನ್ಯಾಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2009ರ ಎಚ್‌ಪಿ ಝಡ್800ರ ಕ್ಯಾಬಿನೆಟ್ಟನ್ನು ಬಿಎಂಡಬ್ಲ್ಯುವಿನ ವಿನ್ಯಾಸ ಸಂಸ್ಥೆಯ ಜೊತೆಗೂಡಿ ರೂಪಿಸಿದ್ದರು. ಸ್ಕ್ರೂಡ್ರೈವರ್ ಮುಟ್ಟದೆ ಅದರ ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ಸನ್ನು ಹಿಡಿಕೆ ಹಿಡಿದು ಎಳೆದು ತೆಗೆಯಬಹುದಿತ್ತು. ಅಂಥ ಅಚ್ಚುಕಟ್ಟುತನ ಅಸೆಂಬಲ್ ಮಾಡಿದ ಯಂತ್ರದಲ್ಲಿ ಸಿಗುವುದಿಲ್ಲ. ಆದರೆ ಹಾಗೆ ಎಳೆದು ತೆಗೆದ ಎಸ್‌ಎಂಪಿಎಸ್‌ಗೆ ಬದಲಿಯನ್ನು ಅದೇ ಕಂಪನಿಯಿಂದಲೇ ತರಿಸಬೇಕು. ಇಂಥ ಎಷ್ಟೋ ಟವರ್‌ಗಳಲ್ಲಿ ಅದರ ಆಕಾರವೂ ಪಿನ್‌ಗಳ ಜೋಡಣೆಯೂ ಕಂಪನಿಯದೇ. ಲೆನೊವೊದ ಕೆಲವು ಎಎಂಡಿ ಯಂತ್ರಗಳಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಪ್ರೊಸೆಸರ್ ಒಳಗಿನ ಫ್ಯೂಸ್‌ಗಳನ್ನು ಶಾಶ್ವತವಾಗಿ ಸುಟ್ಟು ಅದನ್ನು ಲೆನೊವೊ ಫರ್ಮ್‌ವೇರ್‌ಗೆ ಕಟ್ಟಿಹಾಕಲಾಗುತ್ತದೆ. ಆಮೇಲೆ ಆ ಪ್ರೊಸೆಸರ್ ಬೇರೆ ಕಂಪನಿಯ ಬೋರ್ಡ್‌ನಲ್ಲಿ ಏಳುವುದೇ ಇಲ್ಲ. ಫರ್ಮ್‌ವೇರ್‌ನಲ್ಲಿ ಕಳ್ಳ ಕೋಡ್ ನುಸುಳದಿರಲಿ ಎಂಬುದು ಇದಕ್ಕೆ ಕೊಡುವ ಕಾರಣ. ಬ್ಯಾಂಕಿಗೋ ರಕ್ಷಣಾ ಕಚೇರಿಗೋ ಆ ಕಾರಣ ಸಾಕು. ಐದು ವರ್ಷದ ನಂತರ ಅದೇ ಪ್ರೊಸೆಸರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವ ವಿದ್ಯಾರ್ಥಿಗೆ ಅದು ಸತ್ತ ಲೋಹ. ಆಪಲ್‌ನಲ್ಲಿ ಬಾಗಿಲು ಪೂರ್ತಿ ಮುಚ್ಚಿದೆ. 2019ರ ಮ್ಯಾಕ್ ಪ್ರೊಗೆ 1.5 ಟಿಬಿವರೆಗೆ ರ‍್ಯಾಮ್ ಸೇರಿಸಬಹುದಿತ್ತು. 2023ರ ಎಂ2 ಅಲ್ಟ್ರಾ ಮ್ಯಾಕ್ ಪ್ರೊನಲ್ಲಿ ಕೊಳ್ಳುವ ದಿನ ಆರಿಸಿದ್ದೇ ಕೊನೆ, ಅದೂ 192 ಜಿಬಿ ಮೀರುವಂತಿಲ್ಲ. ಬೇರೆ ಗ್ರಾಫಿಕ್ ಕಾರ್ಡ್ ಹಾಕಲೂ ಬರುವುದಿಲ್ಲ.

ಇದಕ್ಕೆ ಬದಲಾಗಿ ಕಂಪನಿ ಕೊಡುವ ಮಾತು ವಾರಂಟಿ. ಕೆಟ್ಟರೆ ಮರುದಿನವೇ ಎಂಜಿನಿಯರ್ ನಿಮ್ಮ ಬಾಗಿಲಿಗೆ ಬರುತ್ತಾರೆ, ಮೂರು ವರ್ಷ ಚಿಂತೆಯಿಲ್ಲ. ಬೆಂಗಳೂರಿನ ಕಚೇರಿಗೆ ಈ ಮಾತು ಬಹುಮಟ್ಟಿಗೆ ನಡೆಯುತ್ತದೆ, ಅದರ ಬೆಲೆಯೂ ದೊಡ್ಡದೇ. ಸಿರಸಿಯಲ್ಲೋ ಸಿಂಧನೂರಿನಲ್ಲೋ ಕುಳಿತವರು ಒಪ್ಪಂದದ ಸಣ್ಣ ಅಕ್ಷರಗಳನ್ನು ಓದಬೇಕು. ಊರಿನ ದೂರ, ಬಿಡಿಭಾಗದ ಲಭ್ಯತೆಯನ್ನು ನೋಡಿಕೊಂಡು ಮರುದಿನ ಎನ್ನುವುದು ಮುಂದೆ ಹೋಗಬಹುದು ಎಂದು ಅಲ್ಲಿರುತ್ತದೆ. ಅಲ್ಲಿಯವರಿಗೆ ಆಪತ್ತಿನ ದಿನ ಒದಗುವುದು ರಾತ್ರಿ ಬಸ್ಸಿನಲ್ಲಿ ಬರುವ ಪಾರ್ಸೆಲ್. ಎಸ್‌ಎಂಪಿಎಸ್ ಹೋದರೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗೆ ಫೋನ್ ಮಾಡಿ ಹಣ ಕಳಿಸಿದರೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಡಬ್ಬಿ ಸಿಗುತ್ತದೆ. ಆದರೆ ಯಂತ್ರ ಎಟಿಎಕ್ಸ್ ಅಳತೆಯದ್ದಾಗಿರಬೇಕು. ದೂರದ ಊರಿನವರಿಗೆ ಎಲ್ಲೆಡೆ ಸಿಗುವ ಭಾಗಗಳಿಂದ ಕಟ್ಟಿದ ಯಂತ್ರವೇ ದೊಡ್ಡ ವಾರಂಟಿ ಎಂದು ನಾನು ನಂಬಿದ್ದೇನೆ.

ಬಿಸಿಲು ಮತ್ತು ಕರೆಂಟಿನ ಮಾತೂ ಇದೆ. ದೊಡ್ಡ ಕಂಪನಿಗಳ ಟವರ್‌ಗಳ ವಿವರಪಟ್ಟಿಯಲ್ಲಿ ಯಂತ್ರ ಕೆಲಸ ಮಾಡಬೇಕಾದ ಉಷ್ಣತೆಯ ಮಿತಿ ಸಾಮಾನ್ಯವಾಗಿ 35 ಡಿಗ್ರಿ. ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ದಾಟುತ್ತದೆ, ಎ.ಸಿ. ಇಲ್ಲದ ಕೋಣೆ ಸಂಜೆಯಾದರೂ ತಣಿಯುವುದಿಲ್ಲ. ಜೋಡಿಸುವವರು ದೊಡ್ಡ ಫ್ಯಾನ್, ಧೂಳಿನ ಜಾಲರಿ, ಅಗಲವಾದ ಕ್ಯಾಬಿನೆಟ್ ಆರಿಸಿ ತಮ್ಮ ಊರಿಗೆ ತಕ್ಕ ಯಂತ್ರ ಕಟ್ಟಬಹುದು. ಕರೆಂಟ್ ಹೋದಾಗ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು ಹಿಡಿದಿಡುವುದು ಸುಮಾರು 16 ಮಿಲಿಸೆಕೆಂಡ್. ಮನೆಯ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾದರೆ ಯಂತ್ರ ರೀಸ್ಟಾರ್ಟ್ ಆಗುತ್ತದೆ, ರೆಂಡರ್ ಹಾಳಾಗುತ್ತದೆ. ಅಗ್ಗದ ಯುಪಿಎಸ್‌ಗಳು ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಒಳ್ಳೆಯ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಒಪ್ಪದೆ ಆಫ್ ಆಗಿಬಿಡುತ್ತವೆ. ಎರಡು ಲಕ್ಷದ ಯಂತ್ರಕ್ಕೆ ಮೂರು ಸಾವಿರದ ಯುಪಿಎಸ್ ಹಾಕುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಯಂತ್ರ ಯಾವುದೇ ಇರಲಿ, ಶುದ್ಧ ಸೈನ್ ಅಲೆ ಕೊಡುವ ಯುಪಿಎಸ್‌ಗೆ ಹಣ ತೆಗೆದಿಡಬೇಕು.

ಜೋಡಿಸುವವರ ಕಷ್ಟವನ್ನೂ ಮುಚ್ಚಿಡಬಾರದು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಅಸ್ಥಿರವಾಗುತ್ತಿವೆ ಎಂಬ ದೂರು ದೊಡ್ಡದಾಯಿತು. ಗ್ರಾಫಿಕ್ ಕಾರ್ಡ್‌ನ ಮೆಮೊರಿ ಸಾಲದು ಎಂಬ ಎಚ್ಚರಿಕೆಯಾಗಿಯೂ ಈ ದೋಷ ಕಾಣಿಸಿಕೊಳ್ಳುತ್ತಿತ್ತು, ಹಾಗಾಗಿ ಜನ ಸರಿಯಿದ್ದ ಕಾರ್ಡನ್ನು ಅನುಮಾನಿಸಿದರು. ಬೋರ್ಡ್ ತಯಾರಕರು ಹೆಚ್ಚು ವಿದ್ಯುತ್ ಹರಿಸುತ್ತಿದ್ದಾರೆ ಎಂಬ ಮಾತು ಬಂತು. ಕೊನೆಗೆ ಪ್ರೊಸೆಸರ್‌ನ ಮೈಕ್ರೊಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು ಇಂಟೆಲ್ ಒಪ್ಪಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಎತ್ತು ಏರಿಗೆಳೆದು ಕೋಣ ನೀರಿಗೆಳೆಯುವ ಆ ತಿಂಗಳುಗಳಲ್ಲಿ ಬ್ರ್ಯಾಂಡೆಡ್ ಯಂತ್ರದವರಿಗೆ ಒಂದೇ ಬಾಗಿಲು ತಟ್ಟಿದರೆ ಸಾಕಿತ್ತು, ಜೋಡಿಸಿದವರು ನಾಲ್ಕು ಬಾಗಿಲು ತಟ್ಟಬೇಕಾಯಿತು. ಮುಂದೆ ಅಪ್‌ಗ್ರೇಡ್ ಮಾಡಿಕೊಳ್ಳುವ ಆಸೆಗೂ ಖಾತ್ರಿಯಿಲ್ಲ. ಎಎಂಡಿಯ ಎಎಂ4 ಬೋರ್ಡ್ ಕೊಂಡವರ ಅದೃಷ್ಟ ಚೆನ್ನಾಗಿತ್ತು, 2017ರ ಎಷ್ಟೋ ಬೋರ್ಡ್‌ಗಳಲ್ಲಿ 2022ರ ಪ್ರೊಸೆಸರ್ ಕೂತಿತು. ಅದೇ ಕಂಪನಿಯ ಟಿಆರ್‌ಎಕ್ಸ್40 ಬೋರ್ಡಿಗೆ ದುಬಾರಿ ಬೆಲೆ ತೆತ್ತವರಿಗೆ ಒಂದು ತಲೆಮಾರಿನ ಥ್ರೆಡ್‌ರಿಪ್ಪರ್ ಬಿಟ್ಟರೆ ಮುಂದಿನದು ಬರಲೇ ಇಲ್ಲ. ಅದರ ನಂತರ ಬಂದ ಥ್ರೆಡ್‌ರಿಪ್ಪರ್ ಪ್ರೊ ಮೊದಲು ಸಿಕ್ಕಿದ್ದು ಲೆನೊವೊ ಪಿ620 ಕೊಂಡವರಿಗೆ.

ಕಾಲವೂ ಕೆಲವೊಮ್ಮೆ ಜೋಡಿಸುವವರ ವಿರುದ್ಧ ನಿಲ್ಲುತ್ತದೆ. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯಿಂದ ಗ್ರಾಫಿಕ್ ಕಾರ್ಡ್ ಬಿಡಿಯಾಗಿ ನಿಗದಿತ ಬೆಲೆಗೆ ಸಿಗುತ್ತಿರಲಿಲ್ಲ, ಎಷ್ಟೋ ಜನ ಕಾರ್ಡ್‌ಗಾಗಿಯೇ ಪೂರ್ತಿ ಯಂತ್ರ ಕೊಂಡರು. ಈಗಿನ ಸಂಕಟ ರ‍್ಯಾಮ್‌ನದ್ದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜಿಗಿಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಸಗಟು ಒಪ್ಪಂದವಿರುವ ದೊಡ್ಡ ಕಂಪನಿಗಳು ಇಂಥ ಏರಿಕೆಯನ್ನು ಕೆಲಕಾಲ ತಾಳಿಕೊಳ್ಳಬಲ್ಲವು, ಬಿಡಿಯಾಗಿ ಕೊಳ್ಳುವವರು ಆ ದಿನದ ದರ ತೆರಬೇಕು. ಬಿಡಿಭಾಗದ ಮಾರುಕಟ್ಟೆ ಸೊರಗಿದರೆ ಹಾನಿ ಹವ್ಯಾಸಿಗಳಿಗಷ್ಟೇ ಆಗುವುದಿಲ್ಲ; ಹಳೆಯ ಯಂತ್ರಕ್ಕೆ ಇನ್ನೊಂದು ಕಡ್ಡಿ ರ‍್ಯಾಮ್ ಸೇರಿಸಿ ಎರಡು ವರ್ಷ ಓಡಿಸುವ ಡಿಟಿಪಿ ಕೇಂದ್ರಕ್ಕೆ, ಶಾಲೆಗೆ, ಪತ್ರಿಕಾ ಕಚೇರಿಗೆ ಆಗುತ್ತದೆ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ.

ಹತ್ತಕ್ಕಿಂತ ಹೆಚ್ಚು ಯಂತ್ರಗಳಿರುವ ಕಚೇರಿ ಬ್ರ್ಯಾಂಡೆಡ್ ಕೊಳ್ಳಲಿ. ಅಲ್ಲಿ ಒಂದೇ ತೆರನ ಯಂತ್ರ, ಒಂದೇ ಒಪ್ಪಂದ, ಒಂದೇ ಫೋನ್ ನಂಬರ್ ಇರುವುದರಿಂದ ಆಗುವ ಅನುಕೂಲ ದೊಡ್ಡದು. ಕೆಲಸ ಒಂದು ದಿನ ನಿಂತರೆ ಯಂತ್ರದ ಬೆಲೆಗಿಂತ ಹೆಚ್ಚು ನಷ್ಟವಾಗುವವರೂ ಕೊಳ್ಳಲಿ. ಉಳಿದವರಿಗೆ ಆದಾಯ ತೆರಿಗೆಯ ಲೆಕ್ಕವೇ ಒಂದು ದಾರಿ ತೋರಿಸುತ್ತದೆ. ಕಂಪ್ಯೂಟರ್‌ಗೆ ವರ್ಷಕ್ಕೆ ಶೇ 40 ಸವಕಳಿ ಎಂದರೆ ಮೂರು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಐದನೇ ಒಂದು ಭಾಗದಷ್ಟು ಬೆಲೆ. ವಾರಂಟಿ ಮುಗಿಯುವುದೂ ಸರಿಸುಮಾರು ಆಗಲೇ. ನಮ್ಮ ಸಣ್ಣ ಕಚೇರಿಗಳು ಯಂತ್ರವನ್ನು ಏಳೆಂಟು ವರ್ಷ ದುಡಿಸುತ್ತವೆ. ಮೂರನೇ ವರ್ಷದಿಂದ ಎಂಟನೇ ವರ್ಷದವರೆಗಿನ ಅವಧಿಯಲ್ಲಿ ತೆರೆಯಲು, ಬದಲಿಸಲು, ಹೆಚ್ಚಿಸಲು ಬರುವ ಯಂತ್ರ ನಿಮ್ಮದಾಗಿದ್ದರೆ ಅದು ಬದುಕುತ್ತದೆ. ಕಂಪನಿಯದ್ದೇ ಆಕಾರದ ಬೋರ್ಡ್ ಹೋದರೆ ಸಾಮಾನ್ಯವಾಗಿ ಇಡೀ ಟವರ್ ಗುಜರಿಗೆ.

ಕನ್ನಡನಾಡಿನ ಬಹುಪಾಲು ಜನ ಮಾತ್ರ ಈ ಎರಡರ ನಡುವಿನ ದಾರಿ ಹಿಡಿಯುತ್ತಾರೆ: ಅಂಗಡಿಯಲ್ಲಿ ಅಸೆಂಬಲ್ ಮಾಡಿಸುವುದು. ಎಸ್.ಪಿ. ರೋಡಿನಲ್ಲೂ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಕೊಟೇಶನ್ ಬರೆದುಕೊಡುವ, ಅರ್ಧ ದಿನದಲ್ಲಿ ಯಂತ್ರ ಕಟ್ಟಿಕೊಡುವ ಹುಡುಗರಿದ್ದಾರೆ. ಅವರ ಕೈಚಳಕ ದೊಡ್ಡದು, ಅದಕ್ಕೆ ಸಿಗುವ ಗೌರವ ಕಡಿಮೆ. ಆದರೆ ಈ ವ್ಯವಸ್ಥೆಯಲ್ಲಿ ಹೊಣೆ ಯಾರದೆಂಬುದು ಕಾಗದದ ಮೇಲೆ ಇರುವುದೇ ಇಲ್ಲ. ಕೊಟೇಶನ್‌ನಲ್ಲಿ ಬರೆದ ಎಸ್‌ಎಂಪಿಎಸ್ ಸ್ಟಾಕ್ ಇಲ್ಲವೆಂದು ಬೇರೆ ಹಾಕಿರುತ್ತಾರೆ. ರ‍್ಯಾಮ್ ಎರಡು ಬೇರೆ ಬ್ಯಾಚ್‌ಗಳದ್ದಿರುತ್ತದೆ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರುವುದಿಲ್ಲ, ಆಗ ತಯಾರಕರು ಕೊಡಬೇಕಾದ ವಾರಂಟಿಯೂ ಕೈತಪ್ಪುತ್ತದೆ.

ಹಣ ಕೊಡುವ ಮುನ್ನ ಗಿರಾಕಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್, ಹಾಕಿದ ಬಯಾಸ್‌ನ ಆವೃತ್ತಿ, ರಾತ್ರಿಯಿಡೀ ಓಡಿಸಿದ ಮೆಮೊರಿ ಪರೀಕ್ಷೆಯ ಫಲಿತಾಂಶ, ಪ್ರೊಸೆಸರನ್ನು ಪೂರ್ಣ ಹೊರೆಯಲ್ಲಿ ಒಂದು ಗಂಟೆ ಓಡಿಸಿದಾಗ ಏರಿದ ಉಷ್ಣತೆ, ಮತ್ತು ಒಂದು ವರ್ಷದೊಳಗೆ ಕೆಟ್ಟರೆ ಯಾವ ಭಾಗದ ದೋಷ ಎಂದು ಹುಡುಕಿಕೊಡುವ ಕೆಲಸ ಅಂಗಡಿಯದೇ ಎಂಬ ಸಹಿ. ಇದೆಲ್ಲ ಎರಡು ಹಾಳೆಯಲ್ಲಿ ಮುಗಿಯುತ್ತದೆ. ಟೊರ್ವಾಲ್ಡ್ಸ್ ಮಾಡಿದ ಆ ಒಂದು ರಾತ್ರಿಯ ಪರೀಕ್ಷೆಯನ್ನು ಮಾರುವ ಮುನ್ನವೇ ಮಾಡಿ, ಬರೆದುಕೊಡುವ ಅಂಗಡಿಗೆ ಬೇರೆಯವರಿಗಿಂತ ಐದು ಸಾವಿರ ಹೆಚ್ಚು ಕೊಡಲು ನಾನು ಸಿದ್ಧ.